ಔತಣದ ಋತುವಿನಲ್ಲಿ ಬಾಡುವ ಮನಸ್ಸುಗಳು

ಮಳೆ ಹಿಂದೆ ಸರಿದು, ಚಾರ್ಮಾಡಿಯ ಬೆಟ್ಟಗಳ ಮೇಲೆ ಬೆಳಗಿನ ಮಂಜು ಇಳಿಯತೊಡಗಿದಂತೆ ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಊರುಗಳಿಗೆ ಬೇರೆಯೇ ಕಳೆ ಬರುತ್ತದೆ. ಲಕ್ಷದೀಪೋತ್ಸವಕ್ಕೆಂದು ಉಜಿರೆಯಿಂದ ಧರ್ಮಸ್ಥಳದತ್ತ ಪಾದಯಾತ್ರೆ ಹೊರಡುತ್ತದೆ. ಕಂಬಳದ ಕರೆಗಳು ಸಜ್ಜಾಗುತ್ತವೆ, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಇಳಿಯುತ್ತವೆ, ಇಗರ್ಜಿಗಳ ಮುಂದೆ ನಕ್ಷತ್ರಗಳು ತೂಗುತ್ತವೆ. ನಮ್ಮ ಮನೆಗಳಲ್ಲಿ ಇದು ನಿಕಾಹ್‌ನ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪರ ಹಾಕಲು ಬಿಡದ ಮಳೆ ನಿಂತಿರುತ್ತದೆ, ಗಲ್ಫ್‌ನಿಂದ ರಜೆ ಪಡೆದು ಬಂದವರು ಊರಿನಲ್ಲಿರುತ್ತಾರೆ. ಒಂದೇ ಭಾನುವಾರ ಮೂರು ಹಾಲ್‌ಗಳಲ್ಲಿ ಮೂರು ಔತಣ. ಮೂರಕ್ಕೂ ಹೋಗದಿದ್ದರೆ ಮೂರು ಮನೆಯವರಿಗೂ ಬೇಸರ.

ಈ ಸಂಭ್ರಮದ ನಡುವೆ ಕೆಲವರ ಮನಸ್ಸು ಸದ್ದಿಲ್ಲದೆ ಕುಗ್ಗುತ್ತದೆ ಎಂಬುದನ್ನು ನಾವು ಹೆಚ್ಚಾಗಿ ಮಾತನಾಡುವುದಿಲ್ಲ. ಶೀತ ದೇಶಗಳಲ್ಲಿ ಈ ವಿಷಯವಾಗಿ ಬಹಳಷ್ಟು ಚರ್ಚೆಯಾಗಿದೆ. ಚಳಿಗಾಲದಲ್ಲಿ ಮರುಕಳಿಸುವ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಒಂದು ಪ್ರತ್ಯೇಕ ತೊಂದರೆಯಾಗಿ ವಿವರಿಸಿದರು. ಹಗಲು ಕಿರಿದಾಗಿ ಬೆಳಕು ಸಾಲದೇ ಹೋಗುವುದು ಅದಕ್ಕೆ ಮುಖ್ಯ ಕಾರಣವೆಂದು ಹೇಳಲಾಗುತ್ತದೆ. ಆದರೆ ಉಜಿರೆ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್‌ನ ಅತಿ ಕಿರಿದಾದ ಹಗಲು ಕೂಡ ನಮಗೆ ಹನ್ನೊಂದು ಗಂಟೆಗಿಂತ ಹೆಚ್ಚೇ ದೊರೆಯುತ್ತದೆ. ನಿಜ ಹೇಳಬೇಕೆಂದರೆ ನಮ್ಮ ಕತ್ತಲೆಯ ತಿಂಗಳುಗಳು ಜುಲೈ ಮತ್ತು ಆಗಸ್ಟ್. ಚಳಿಗಾಲದಲ್ಲಿ ಆಕಾಶ ಬೆಳಗುತ್ತಲೇ ಇರುತ್ತದೆ. ಹಾಗಾದರೆ ಮನಸ್ಸಿನ ಮೇಲೆ ಬೀಳುವ ಭಾರ ಎಲ್ಲಿಂದ ಬರುತ್ತದೆ?

ಈ ಭಾರವನ್ನು ಧರ್ಮ ಹೇರಿದೆಯೆಂದು ಹೇಳುವಂತಿಲ್ಲ. ನಮ್ಮ ಎರಡು ಈದ್‌ಗಳು ಚಾಂದ್ರಮಾನವನ್ನು ಅನುಸರಿಸಿ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. 2030ರಲ್ಲಿ ರಮಝಾನ್ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ ಆರಂಭವಾಗಲಿದೆ. ಅಲ್ಲಾಹನು ಯಾವ ಋತುವಿಗೂ ನಮ್ಮನ್ನು ಕಟ್ಟಿಹಾಕಿಲ್ಲ. ಡಿಸೆಂಬರ್ ಜನವರಿಯ ಈ ಗಡಿಬಿಡಿ, ಖರ್ಚು, ಲೆಕ್ಕಾಚಾರ, ಹೋಲಿಕೆ ಎಲ್ಲವೂ ನಾವೇ ಕಟ್ಟಿಕೊಂಡದ್ದು. ನಾವು ಕಟ್ಟಿಕೊಂಡದ್ದನ್ನು ಸಡಿಲಿಸುವ ಅಧಿಕಾರವೂ ನಮಗಿದೆ.

ಭಾರದ ದೊಡ್ಡ ಪಾಲು ಹೊಸ್ತಿಲು ದಾಟಿ ಬರುವ ಪ್ರಶ್ನೆಗಳಲ್ಲಿದೆ. ರಜೆಗೆ ಬಂದವನ ಬ್ಯಾಗ್ ಇನ್ನೂ ಬಿಚ್ಚಿರುವುದಿಲ್ಲ, 'ಯಾವಾಗ ಬಂದದ್ದು? ಇನ್ನು ಯಾವಾಗ ಹೋಗುವುದು?' ಎಂದು ಕೇಳುವವರು ಅಂಗಳದಲ್ಲಿರುತ್ತಾರೆ. ಇದನ್ನು ನಾವು ಹಾಸ್ಯವೆಂದು ನಕ್ಕು ಮರೆಯುತ್ತೇವೆ. ಆದರೆ ಕೆಲಸ ಕಳೆದುಕೊಂಡು, ಅದನ್ನು ಉಮ್ಮನಿಗೂ ಹೇಳಲಾರದೆ ಬಂದಿರುವವನಿಗೆ ಅದು ಹಾಸ್ಯವಲ್ಲ. ಮದಿರಂಗಿಯ ರಾತ್ರಿ ಮೂವತ್ತು ದಾಟಿದ ಹೆಣ್ಣುಮಗಳ ಪಕ್ಕದಲ್ಲಿ ಕುಳಿತು 'ನಿನಗೆ ಇನ್ನೂ ಒಂದೂ ಆಗಲಿಲ್ಲವಾ?' ಎನ್ನುತ್ತೇವೆ. ಮದುವೆಯಾಗಿ ಐದು ವರ್ಷವಾದವಳಿಗೆ 'ವಿಶೇಷ ಏನೂ ಇಲ್ಲವಾ?' ಎನ್ನುತ್ತೇವೆ. ತಲಾಖ್ ಆಗಿ ತವರಿಗೆ ಮರಳಿದವಳನ್ನು ಮಾತ್ರ ಏನನ್ನೂ ಕೇಳುವುದಿಲ್ಲ, ಅವಳು ಬರುವಾಗ ಮಾತನ್ನೇ ನಿಲ್ಲಿಸುತ್ತೇವೆ. ಆ ಮೌನವೂ ಪ್ರಶ್ನೆಯಷ್ಟೇ ಚುಚ್ಚುತ್ತದೆ. ಇವರಾರಿಗೂ ನಮ್ಮಲ್ಲಿ ದ್ವೇಷವಿರುವುದಿಲ್ಲ. ಕೇಳಿದವರು ಪ್ರೀತಿಯಿಂದಲೇ ಕೇಳಿರುತ್ತಾರೆ, ಊಟ ಮುಗಿಸಿ ಮನೆಗೆ ಹೋಗಿ ನಿದ್ರಿಸುತ್ತಾರೆ. ಉತ್ತರಿಸಿದವರಿಗೆ ನಿದ್ರೆ ಬರುವುದಿಲ್ಲ.

ಒಬ್ಬ ಅತಿಥಿ ಹೇಗಿರಬೇಕೆಂದು ತಿಳಿಯಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಸಹೀಹ್ ಬುಖಾರಿಯಲ್ಲಿ ಒಂದು ಘಟನೆ ವರದಿಯಾಗಿದೆ. ಹಿಜ್ರಾದ ಬಳಿಕ ಪ್ರವಾದಿವರ್ಯರು(ಸ) ಸಲ್ಮಾನ್ ಫಾರಿಸಿ(ರ) ಮತ್ತು ಅಬುದ್ದರ್ದಾ(ರ)ರನ್ನು ಸಹೋದರರನ್ನಾಗಿ ಜೋಡಿಸಿದ್ದರು. ಒಮ್ಮೆ ಸಲ್ಮಾನ್(ರ) ಆ ಮನೆಗೆ ಭೇಟಿ ನೀಡಿದಾಗ ಮನೆಯೊಡತಿ ಉಮ್ಮುದ್ದರ್ದಾ(ರ) ಮಾಸಿದ, ಸಾಧಾರಣ ಉಡುಪಿನಲ್ಲಿದ್ದುದನ್ನು ಗಮನಿಸಿ ಕಾರಣ ವಿಚಾರಿಸಿದರು. ತನ್ನ ಪತಿಗೆ ಇಹಲೋಕದ ಯಾವುದರಲ್ಲೂ ಆಸಕ್ತಿ ಉಳಿದಿಲ್ಲವೆಂದು ಆಕೆ ತಿಳಿಸಿದರು. ಅಬುದ್ದರ್ದಾ(ರ) ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್‌ನಲ್ಲಿ ಕಳೆಯುತ್ತಿದ್ದರು. ಸಲ್ಮಾನ್(ರ) ಉಪದೇಶದ ಮಾತಿನಿಂದ ಆರಂಭಿಸಲಿಲ್ಲ. ನೀವು ತಿನ್ನದೆ ನಾನೂ ತಿನ್ನುವುದಿಲ್ಲವೆಂದು ಜೊತೆಗೆ ಕೂರಿಸಿ ಉಣ್ಣಿಸಿದರು. ರಾತ್ರಿ ಎದ್ದಾಗ ಮಲಗಲು ಹೇಳಿದರು, ಮತ್ತೆ ಎದ್ದಾಗ ಮತ್ತೆ ಮಲಗಿಸಿದರು. ರಾತ್ರಿಯ ಕೊನೆಯ ಭಾಗದಲ್ಲಿ ಎಬ್ಬಿಸಿ ಇಬ್ಬರೂ ಕೂಡಿ ನಮಾಝ್ ಮಾಡಿದರು. ಅಲ್ಲಾಹನಿಗೂ, ನಿಮ್ಮ ಶರೀರಕ್ಕೂ, ನಿಮ್ಮ ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆಯೆಂದು ನೆನಪಿಸಿದ್ದು ಆಮೇಲೆ. ವಿಷಯ ಪ್ರವಾದಿವರ್ಯರ(ಸ) ಬಳಿಗೆ ಹೋದಾಗ ಅವರು ಸಲ್ಮಾನ್ ಹೇಳಿದ್ದೇ ಸರಿಯೆಂದರು.

ಈ ಘಟನೆಯನ್ನು ನಾವು ಸಾಮಾನ್ಯವಾಗಿ ಆರಾಧನೆಯಲ್ಲಿ ಮಿತವಿರಬೇಕು ಎಂಬುದಕ್ಕೆ ಪುರಾವೆಯಾಗಿ ಓದುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಮನೆಗೆ ಬಂದ ಅತಿಥಿಯ ಕಣ್ಣು ಗೋಡೆಯ ಟೈಲ್ಸ್, ಹೊಸ ಕಾರು, ಮಗಳ ಮೈಮೇಲಿನ ಚಿನ್ನದ ಕಡೆಗೆ ಹೋಗಲಿಲ್ಲ. ಆ ಮನೆಯ ಮಹಿಳೆಯ ಬಾಡಿದ ಮುಖದತ್ತ ಹೋಯಿತು. ಆಕೆಯ ಅಳಲನ್ನು ಅವರು ಊರಿಡೀ ಹಬ್ಬಿಸಲೂ ಇಲ್ಲ. ಸರಿಪಡಿಸಬಹುದಾದವರ ಬಳಿಗೆ ಮಾತ್ರ ಒಯ್ದರು. ನಮ್ಮ ಊರಿನಲ್ಲಿ ಈ ಋತುವಿನಲ್ಲಿ ನೂರಾರು ಮನೆಗಳಿಗೆ ಸಾವಿರಾರು ಅತಿಥಿಗಳು ಹೋಗಿ ಬರುತ್ತಾರೆ. ಹತ್ತರಲ್ಲಿ ಒಬ್ಬರು ಸಲ್ಮಾನ್‌ರಂತೆ(ರ) ನೋಡಿದರೂ ಎಷ್ಟೋ ಬಾಡಿದ ಮುಖಗಳು ಯಾರದಾದರೂ ಗಮನಕ್ಕೆ ಬೀಳುತ್ತಿದ್ದವು.

ಅತಿಥಿಗಳ ಕುರಿತು ಇನ್ನೂ ಒಂದು ಮಾತು ಹೇಳಬೇಕು. ಸತ್ಕಾರ ನಮ್ಮ ಸಮುದಾಯದ ಹೆಮ್ಮೆ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಹೆಮ್ಮೆಯ ಬೆಲೆಯನ್ನು ತೆರುವವರು ಅಡುಗೆಮನೆಯಲ್ಲಿದ್ದಾರೆ. ಬೆಳಗ್ಗೆ ಪತ್ತಿರ್, ಮಧ್ಯಾಹ್ನ ಬಿರಿಯಾನಿ, ಸಂಜೆ ಮತ್ತೆ ಹೊಸ ನೆಂಟರಿಗೆ ಚಹಾ ತಿಂಡಿ ಎಂದು ವಾರಗಟ್ಟಲೆ ನಿಂತೇ ಇರುವ ಸೊಸೆಯ ಬೆನ್ನುನೋವಿಗೆ ನಾವು ಮುಲಾಮು ತಂದುಕೊಡುತ್ತೇವೆ, ಆಕೆಯ ಮನಸ್ಸಿನ ದಣಿವಿಗೆ ಹೆಸರೇ ಇಟ್ಟಿಲ್ಲ. ಸೂರಃ ಅಲ್ ಅಹ್‌ಝಾಬ್‌ನ 53ನೆಯ ಸೂಕ್ತವು ಅವತೀರ್ಣವಾದ ಸಂದರ್ಭವನ್ನು ಸ್ಮರಿಸಿರಿ. ಅದು ಪ್ರವಾದಿವರ್ಯರು(ಸ) ಝೈನಬ್(ರ)ರನ್ನು ವಿವಾಹವಾದಾಗ ನೀಡಿದ ವಲೀಮಾದ ಔತಣ. ಉಂಡವರಲ್ಲಿ ಕೆಲವರು ಎದ್ದು ಹೋಗದೆ ಹರಟುತ್ತಾ ಕುಳಿತುಬಿಟ್ಟರು. ಪ್ರವಾದಿವರ್ಯರಿಗೆ(ಸ) ಅದು ಪ್ರಯಾಸವೆನಿಸಿದರೂ ಹೇಳಲು ಸಂಕೋಚಪಟ್ಟರು. ಅವರು ಹೇಳಲಾಗದ್ದನ್ನು ಅಲ್ಲಾಹನೇ ಹೇಳಿದನು, ಉಂಡ ಬಳಿಕ ಚದುರಿಹೋಗಬೇಕೆಂದು ಆಜ್ಞಾಪಿಸಿದನು. ಆತಿಥೇಯನ ದಣಿವು ಪವಿತ್ರ ಕುರ್‌ಆನ್‌ನಲ್ಲಿ ಸ್ಥಾನ ಪಡೆಯುವಷ್ಟು ಮಹತ್ವದ ವಿಷಯವಾಗಿತ್ತು! ಸೂರಃ ಅನ್ನೂರ್‌ನಲ್ಲಿ ಇನ್ನೊಂದು ಮೆಟ್ಟಿಲು ಮುಂದೆ ಹೋಗಿ, ಮರಳಿ ಹೋಗಿರೆಂದು ಮನೆಯವರು ಹೇಳಿದರೆ ಮರಳಬೇಕು, ಅದೇ ನಿಮಗೆ ಹೆಚ್ಚು ಪರಿಶುದ್ಧವೆಂದು ಕಲಿಸಲಾಗಿದೆ. ಅತಿಥಿ ಸತ್ಕಾರದ ಹಕ್ಕು ಮೂರು ದಿನ, ಆತಿಥೇಯನು ಸಂಕಷ್ಟಕ್ಕೀಡಾಗುವಷ್ಟು ತಂಗುವುದು ಅತಿಥಿಗೆ ಸಲ್ಲದೆಂದು ಹದೀಸ್‌ನಲ್ಲೂ ಇದೆ. ಆದರೂ 'ಇವತ್ತು ನಮಗೆ ಸ್ವಲ್ಪ ಅನನುಕೂಲ, ಇನ್ನೊಂದು ದಿನ ಬನ್ನಿ' ಎಂಬ ಒಂದು ವಾಕ್ಯವನ್ನು ನಮ್ಮಲ್ಲಿ ಯಾರೂ ಹೇಳಲಾರರು, ಹೇಳಿದರೆ ಆ ಸಂಬಂಧ ಮುಂದಿನ ಮದುವೆಯವರೆಗೂ ಸರಿಹೋಗುವುದಿಲ್ಲ. ಬೇಡವೆನ್ನುವ ಹಕ್ಕನ್ನು ಕುರ್‌ಆನ್ ಕೊಟ್ಟಿದೆ, ನಾವು ಕಿತ್ತುಕೊಂಡಿದ್ದೇವೆ.

ನಿದ್ರೆಯ ವಿಷಯ ಚಿಕ್ಕದೆನಿಸಬಹುದು, ಆದರೆ ಹಾಗಲ್ಲ. ಇಶಾ ನಮಾಝ್‌ಗೆ ಮುಂಚೆ ಮಲಗುವುದನ್ನೂ ಇಶಾದ ಬಳಿಕ ಹರಟುವುದನ್ನೂ ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ನಮ್ಮ ಮದಿರಂಗಿ ಕಾರ್ಯಕ್ರಮಗಳು ಆರಂಭವಾಗುವುದೇ ಇಶಾದ ಬಳಿಕ. ರಾತ್ರಿ ಎರಡರವರೆಗೆ ಧ್ವನಿವರ್ಧಕ, ಮುಂಜಾನೆ ಮತ್ತೆ ಓಡಾಟ. ಆರೋಗ್ಯವಂತರಿಗೆ ಇದು ಎರಡು ದಿನದ ದಣಿವಾದೀತು. ಬೈಪೋಲಾರ್‌ನಂತಹ ಕಾಯಿಲೆಯಿರುವವರಿಗೆ ನಿದ್ರೆಗೇಡು ರೋಗ ಮರುಕಳಿಸಲು ಸಾಕಷ್ಟಾಗುತ್ತದೆ. ನೆಂಟರ ಮುಂದೆ ಮಾತ್ರೆ ತೆಗೆದುಕೊಳ್ಳಲು ನಾಚಿ ನಾಲ್ಕು ದಿನ ಬಿಟ್ಟರಂತೂ ಮತ್ತೆ ಸರಿಯಾಗಲು ತಿಂಗಳುಗಳೇ ಬೇಕಾದೀತು. ಮಧುಮೇಹದ ಮಾತ್ರೆಯನ್ನು ಎಲ್ಲರೆದುರು ನುಂಗುತ್ತೇವೆ. ಮನಸ್ಸಿನ ಮಾತ್ರೆಯನ್ನು ಯಾಕೆ ಬಚ್ಚಿಡಬೇಕು?

ಇನ್ನು ಹಣದ ವಿಷಯ. ಸೌದಿ ಅರೇಬಿಯಾದಲ್ಲಿ 2017ರ ಜುಲೈನಿಂದ ವಲಸಿಗರ ಅವಲಂಬಿತರಿಗೆ ತಲಾ ಮಾಸಿಕ 100 ರಿಯಾಲ್ ಶುಲ್ಕ ವಿಧಿಸಲಾಯಿತು. ವರ್ಷಕ್ಕೆ ನೂರರಂತೆ ಏರಿ 2020ರ ಹೊತ್ತಿಗೆ ಅದು 400 ರಿಯಾಲ್ ಆಯಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಒಂಟಿಯಾಗಿ ಕೋಣೆ ಹಂಚಿಕೊಂಡು ಉಳಿದವರು, ಕೆಲಸವನ್ನೇ ಬಿಟ್ಟು ಮರಳಿದವರು ನಮ್ಮ ನಡುವೆಯೇ ಇದ್ದಾರೆ. ದುಡಿಮೆಯ ಲೆಕ್ಕ ಹೀಗೆ ಬದಲಾಗಿ ವರ್ಷಗಳಾದವು, ಮದುವೆಯ ಲೆಕ್ಕ ಮಾತ್ರ ಹಳೆಯದೇ. ತಂಗಿಯ ಮದುವೆಗೆ ಅಣ್ಣನಿಂದ ನಿರೀಕ್ಷಿಸುವ ಚಿನ್ನದ ಪವನ್ ಒಂದೂ ಕಡಿಮೆಯಾಗಿಲ್ಲ. ಪ್ರವಾದಿವರ್ಯರು(ಸ) ಆಗಾಗ ಮಾಡುತ್ತಿದ್ದ ಒಂದು ದುಆವನ್ನು ಅವರ ಸೇವಕರಾಗಿದ್ದ ಅನಸ್(ರ) ವರದಿ ಮಾಡಿದ್ದಾರೆ. ಚಿಂತೆ, ದುಃಖ, ದುರ್ಬಲತೆ, ಆಲಸ್ಯ, ಹೇಡಿತನ, ಜಿಪುಣತನ, ಸಾಲದ ಹೊರೆ, ಜನರ ದಬ್ಬಾಳಿಕೆ ಇವೆಲ್ಲವುಗಳಿಂದ ಅದರಲ್ಲಿ ಅಭಯ ಯಾಚಿಸಲಾಗಿದೆ. ಚಿಂತೆ ಮತ್ತು ದುಃಖದಿಂದ ಆರಂಭವಾದ ಪಟ್ಟಿಯಲ್ಲಿ ಸಾಲವೂ ಜನರ ಒತ್ತಡವೂ ಒಟ್ಟಿಗೆ ಬಂದಿರುವುದನ್ನು ಗಮನಿಸಿದರೆ, ಮನಸ್ಸಿನ ಕಾಯಿಲೆಯ ಬೇರು ಕೆಲವೊಮ್ಮೆ ಬ್ಯಾಂಕ್ ಪಾಸ್‌ಬುಕ್‌ನಲ್ಲಿದೆ ಎಂಬುದು ಅರ್ಥವಾಗುತ್ತದೆ. ಈ ದುಆವನ್ನು ಕಂಠಪಾಠ ಮಾಡಿಸಿದ ಮರುದಿನವೇ ಅದೇ ಮಗನಿಂದ ಸಾಲ ಮಾಡಿಸುವುದು ನಮಗೆ ಶೋಭಿಸುವುದಿಲ್ಲ.

ಮನಸ್ಸು ಕುಸಿದವರಿಗೆ ನಾವು ಕೊಡುವ ಮೊದಲ ಉತ್ತರ 'ಈಮಾನ್ ಕಡಿಮೆಯಾಗಿದೆ, ನಮಾಝ್ ಸರಿಯಾಗಿ ಮಾಡು' ಎಂಬುದು. ನಮಾಝ್ ಮನಸ್ಸಿಗೆ ಆಸರೆ, ನಿಜ. ಆದರೆ ದುಃಖವೇ ವಿಶ್ವಾಸದ ಕೊರತೆಯ ಲಕ್ಷಣವೆಂಬ ತೀರ್ಪನ್ನು ನಾವು ಎಲ್ಲಿಂದ ತಂದೆವು? ಮಗನನ್ನು ಕಳೆದುಕೊಂಡ ಯಾಕೂಬ್(ಅ)ರ ಕಣ್ಣುಗಳು ಅತ್ತು ಅತ್ತು ಬಿಳುಪೇರಿದುವೆಂದು ಸೂರಃ ಯೂಸುಫ್ ತಿಳಿಸುತ್ತದೆ. ಅವರು ಪ್ರವಾದಿಯಾಗಿದ್ದರು, ಅವರ ಸಹನೆಯನ್ನು ಅದೇ ಸೂರಃ ಸುಂದರವೆಂದು ಕರೆಯುತ್ತದೆ. ಮರ್ಯಮ್(ಅ) ಹೆರಿಗೆ ನೋವಿನ ಒಂಟಿತನದಲ್ಲಿ ತಾನು ಇದಕ್ಕಿಂತ ಮುಂಚೆಯೇ ಸತ್ತಿದ್ದರೆ ಚೆನ್ನಾಗಿತ್ತೆಂದು ಹಲುಬಿದರು. ಅಲ್ಲಾಹನು ಆಕೆಯನ್ನು ಗದರಿಸಲಿಲ್ಲ. ದುಃಖಿಸಬೇಡವೆಂಬ ಸಾಂತ್ವನವನ್ನೂ ಕುಡಿಯಲು ನೀರನ್ನೂ ತಿನ್ನಲು ಖರ್ಜೂರವನ್ನೂ ಒದಗಿಸಿದನು. ಅಷ್ಟೇ ಅಲ್ಲ, ಜನರು ಪ್ರಶ್ನಿಸಿದರೆ ಯಾರೊಡನೆಯೂ ಮಾತಾಡಬೇಕಾಗಿಲ್ಲವೆಂಬ ಅನುಮತಿಯನ್ನೂ ಕೊಟ್ಟನು. ಜನರ ಪ್ರಶ್ನೆಗಳಿಂದ ಆಕೆಯನ್ನು ರಕ್ಷಿಸುವುದು ಆ ಸಾಂತ್ವನದ ಭಾಗವೇ ಆಗಿತ್ತು. ಮೂಸಾ(ಅ) ಫಿರ್‌ಔನನ ಬಳಿಗೆ ಹೋಗುವ ಮುಂಚೆ ತನ್ನ ಎದೆ ಬಿಗಿಯುತ್ತದೆ, ನಾಲಿಗೆ ಓಡುವುದಿಲ್ಲವೆಂದು ನಿವೇದಿಸಿಕೊಂಡು ಸಹೋದರ ಹಾರೂನ್(ಅ)ರನ್ನು ಜೊತೆಗೆ ಕೇಳಿಕೊಂಡರು. ಅಲ್ಲಾಹನ ಮೇಲಿನ ಭರವಸೆಗೂ ಮನುಷ್ಯರ ನೆರವನ್ನು ಬೇಡುವುದಕ್ಕೂ ಅವರಿಗೆ ವಿರೋಧ ಕಾಣಲಿಲ್ಲ.

ನಮ್ಮ ಪೂರ್ವಿಕ ವಿದ್ವಾಂಸರಿಗೂ ಕಾಣಲಿಲ್ಲ. ಇಂದಿನ ಅಫ್ಘಾನಿಸ್ತಾನದ ಬಲ್ಖ್‌ನವರಾದ, ಹಿಜ್ರಿ ನಾಲ್ಕನೆಯ ಶತಮಾನದ ಆರಂಭದಲ್ಲಿ, ಅಂದರೆ ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಎಂಬವರು ಶರೀರ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥವನ್ನು ಬರೆದರು. ಕಾರಣ ತಿಳಿದಿರುವ ದುಃಖ ಬೇರೆ, ಯಾವ ಕಾರಣವೂ ಕಾಣದೆ ಆವರಿಸುವ ದುಃಖ ಬೇರೆ, ಎರಡನೆಯದರ ಮೂಲ ಶರೀರದಲ್ಲಿರುವುದರಿಂದ ಅದಕ್ಕೆ ವೈದ್ಯಕೀಯ ಚಿಕಿತ್ಸೆ ಬೇಕೆಂದು ಅವರು ವಿಂಗಡಿಸಿದ್ದರು. ಮನೆಯಲ್ಲಿ ಮುಂಚಿತವಾಗಿ ಔಷಧಿ ಇಟ್ಟುಕೊಳ್ಳುವಂತೆ ಮನಸ್ಸು ಸ್ವಸ್ಥವಾಗಿರುವಾಗಲೇ ಸಮಾಧಾನದ ವಿಚಾರಗಳನ್ನು ಕೂಡಿಟ್ಟುಕೊಳ್ಳಬೇಕು ಎಂಬ ಅವರ ಸಲಹೆ ಈ ಋತುವಿಗೆ ಹೇಳಿ ಮಾಡಿಸಿದಂತಿದೆ. ಮದುವೆ ಮನೆಗೆ ಹೊರಡುವ ಮುನ್ನವೇ ಯಾವ ಪ್ರಶ್ನೆಗೆ ಏನು ಹೇಳಬೇಕು, ಎಷ್ಟು ಹೊತ್ತು ಇರಬೇಕು, ಉಸಿರುಗಟ್ಟಿದರೆ ಯಾರಿಗೆ ಸನ್ನೆ ಮಾಡಬೇಕು ಎಂಬುದನ್ನು ನಿರ್ಧರಿಸಿಕೊಳ್ಳುವುದು ಅಂತಹ ಸಿದ್ಧತೆಯೇ.

ರುಖಿಯಾ, ದುಆ, ಕುರ್‌ಆನ್ ಪಾರಾಯಣಗಳನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಅವುಗಳ ಹೆಸರಿನಲ್ಲಿ ವೈದ್ಯರು ಬರೆದ ಔಷಧಿಯನ್ನು ನಿಲ್ಲಿಸಿರೆಂದು ಹೇಳುವವರು ಯಾರೇ ಆಗಿರಲಿ, ಅವರ ಮಾತು ಕೇಳಬಾರದು. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ಆದೇಶಿಸಿದ್ದಾರೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ. ಮುನ್ನೂರು ಮಂದಿ ಉಣ್ಣುವ ಹಾಲ್‌ನಲ್ಲಿ ಇದು ಸುಮಾರು ಮೂವತ್ತು ಮಂದಿ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹೆಸರು ಊರಿನಲ್ಲಿ ಹರಡೀತೆಂಬ ಅಂಜಿಕೆಯಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆಯನ್ನು ರೂಪಿಸಲಾಗಿದೆ. ಬೆಳ್ತಂಗಡಿಯ ಸರಕಾರಿ ಆಸ್ಪತ್ರೆಯಲ್ಲಿ ದಿನವನ್ನು ವಿಚಾರಿಸಿಕೊಂಡು ಹೋದರಾಯಿತು. ಮಂಗಳೂರಿಗೆ ಗುಟ್ಟಾಗಿ ಹೋಗಬೇಕಾದ ಅಗತ್ಯವಿಲ್ಲ.

ಬದುಕೇ ಬೇಡವೆನಿಸಿದವರ ಬಗ್ಗೆಯೂ ಮೌನವಾಗಿರಲಾರೆವು. ಆತ್ಮಹತ್ಯೆ ಇಸ್ಲಾಮಿನಲ್ಲಿ ಘೋರ ಪಾಪ, ಅದನ್ನು ನಮ್ಮ ಮಿಂಬರ್‌ಗಳಿಂದ ಎಲ್ಲರೂ ಕೇಳಿದ್ದೇವೆ. ಸಹೀಹ್ ಮುಸ್ಲಿಮ್‌ನ ಇನ್ನೊಂದು ವರದಿಯನ್ನು ಮಾತ್ರ ಅಷ್ಟಾಗಿ ಕೇಳಿಲ್ಲ. ತುಫೈಲ್ ಬಿನ್ ಅಮ್ರ್(ರ)ರೊಂದಿಗೆ ಹಿಜ್ರಾ ಬಂದ ವ್ಯಕ್ತಿಯೊಬ್ಬರಿಗೆ ಮದೀನಾದ ಹವೆ ಒಗ್ಗಲಿಲ್ಲ. ಕಾಯಿಲೆ ಬಿದ್ದು, ಸಂಕಟ ತಾಳಲಾರದೆ ತನ್ನ ಕೈಗೆ ತಾನೇ ಹಾನಿಮಾಡಿಕೊಂಡು ತೀರಿಕೊಂಡರು. ಅವರ ಹಿಜ್ರಾದ ಕಾರಣ ಅಲ್ಲಾಹನು ಕ್ಷಮಿಸಿದನೆಂದೂ ಆದರೆ ಕೈಗಳು ಹಾಗೆಯೇ ಉಳಿದಿವೆಯೆಂದೂ ತುಫೈಲ್(ರ) ಕನಸಿನಲ್ಲಿ ಕಂಡರು. ಅದನ್ನು ಕೇಳಿದ ಪ್ರವಾದಿವರ್ಯರು(ಸ) ಆ ಕೈಗಳನ್ನೂ ಕ್ಷಮಿಸೆಂದು ಪ್ರಾರ್ಥಿಸಿದರು. ಕೃತ್ಯ ತಪ್ಪು, ಸಂಕಟಪಟ್ಟವನ ಮೇಲೆ ಕರುಣೆ. ಎರಡೂ ಒಂದೇ ಎದೆಯಲ್ಲಿದ್ದವು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಸೆಕ್ಷನ್ ಕೂಡ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದೆಂದು ಹೇಳುತ್ತದೆ. ಆದ್ದರಿಂದ ಮಗಳೋ ಮಗನೋ ಅಂತಹ ಒಂದು ಮಾತನ್ನು ಆಡಿದರೆ ನರಕದ ಎಚ್ಚರಿಕೆಯಿಂದ ಬಾಯಿ ಮುಚ್ಚಿಸಬೇಡಿರಿ, ಪೊಲೀಸರಿಗೆ ಹೆದರಿ ಮುಚ್ಚಿಡಲೂ ಬೇಡಿರಿ. ಪಕ್ಕದಲ್ಲಿ ಕುಳಿತು ಕೇಳಿರಿ, ಒಂಟಿಯಾಗಿ ಬಿಡಬೇಡಿರಿ, ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ.

ಮಸೀದಿಯ ಜಮಾಅತ್‌ಗಳಿಗೆ ನಮ್ಮದೊಂದು ಕೋರಿಕೆಯಿದೆ. ಮನೆಯಲ್ಲಿ ಸಾವು ಸಂಭವಿಸಿ ಬಂದ ಮಹಿಳೆಯರು ಚದುರಿದ ಬಳಿಕ, ಮನೆಯವರೂ ಆಪ್ತರೂ ಮಾತ್ರ ಉಳಿದಾಗ ಆಯಿಶಾ(ರ) ತಲ್‌ಬೀನಾ ಬೇಯಿಸಲು ಹೇಳುತ್ತಿದ್ದರು. ಜವೆಗೋಧಿ ಹಿಟ್ಟಿನ ಆ ಬಿಸಿ ಗಂಜಿ ರೋಗಿಯ ಹೃದಯಕ್ಕೆ ನೆಮ್ಮದಿ ನೀಡಿ ದುಃಖವನ್ನು ಒಂದಿಷ್ಟು ಇಳಿಸುತ್ತದೆಂದು ಪ್ರವಾದಿವರ್ಯರಿಂದ(ಸ) ಅವರು ಕೇಳಿದ್ದರು. ಜನ ಚದುರಿದ ಮೇಲೆ ಉಳಿಯುವ ಹೊತ್ತು ಅದು. ನಮ್ಮಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ಸಾಲದ ಚೀಟಿಗಳೊಂದಿಗೆ ಉಳಿದ ತಂದೆ, ರಜೆ ಮುಗಿಸಿ ಗಂಡ ವಿಮಾನ ಹತ್ತಿದ ಮೇಲೆ ಉಳಿದ ಹೆಂಡತಿ, ಗಂಡಂದಿರಿಲ್ಲದ ಮನೆಯಲ್ಲಿ ಮುಪ್ಪಿನ ಉಮ್ಮಂದಿರು, ಸಂಬಳ ನಿಂತು ಮರಳಿದ ಯುವಕರು, ಇವರ ಪಟ್ಟಿ ಪ್ರತಿಯೊಂದು ಜಮಾಅತ್‌ಗೂ ಬಾಯಿಪಾಠ ಗೊತ್ತಿದೆ. ಜನವರಿಯ ಕೊನೆಯೊಳಗೆ ಒಬ್ಬೊಬ್ಬರ ಮನೆಗೆ ಇಬ್ಬಿಬ್ಬರಂತೆ, ಮಹಿಳೆಯರ ಬಳಿಗೆ ಮಹಿಳೆಯರು, ಯಾವ ಚಂದಾ ರಶೀದಿಯೂ ಕೈಯಲ್ಲಿಲ್ಲದೆ, ಒಂದು ಪಾತ್ರೆ ಬಿಸಿ ಗಂಜಿಯೊಂದಿಗೆ ಹೋಗಿ ಬರಲಿ. 14416 ಎಂಬ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ನಮಾಝ್‌ನ ಸಮಯಪಟ್ಟಿಯ ಪಕ್ಕದಲ್ಲೇ ಬರೆಸಿರಿ, ಮಹಿಳೆಯರು ಕಾಣುವಂತೆ ಮದ್ರಸದ ಬಾಗಿಲಲ್ಲೂ ಒಂದು ಇರಲಿ.